ಖಾಲಿ ಬಿಟ್ಟ ಎರಡು ಗಂಟೆ

ಬೆಳಗಿನ ಏಳೂ ಹತ್ತು. ಮಗಳಿಗೆ ಒಂದು ಕಾಲುಚೀಲ ಸಿಕ್ಕಿದೆ, ಅದರ ಜೋಡಿ ಸಿಕ್ಕಿಲ್ಲ. ಅಜ್ಜಿಯ ಬಿಸಿನೀರು ಆರಿಹೋಗಿದೆ. ಒಲೆಯ ಮೇಲೆ ಹಾಲು ಈಗಲೋ ಆಗಲೋ ಎನ್ನುವಂತಿದೆ. ಇಷ್ಟರ ನಡುವೆ ಮನೆಯ ಯಜಮಾನ ಬಚ್ಚಲಿನ ಬಾಗಿಲು ಅರ್ಧ ತೆರೆದು, "ಟವೆಲ್ ಎಲ್ಲೇ?" ಎಂದು ಮನೆ ಹಾರಿಹೋಗುವಂತೆ ಕೂಗುತ್ತಿದ್ದಾನೆ.

"ಹೆಗಲು ನೋಡ್ಕೊಳ್ಳಿ," ಎಂದಳು ಹೆಂಡತಿ ಅಡುಗೆಮನೆಯಿಂದಲೇ. ಅವಳೇನೂ ನೋಡಿ ಹೇಳಿದ್ದಲ್ಲ. ಹದಿನಾರು ವರ್ಷದ ಅನುಭವ.

ಟವೆಲ್ ಹೆಗಲ ಮೇಲೇ ಇತ್ತು. ಇಂಥ ಮನುಷ್ಯ ಹೊಟ್ಟೆಪಾಡಿಗೆ ಏನು ಮಾಡುತ್ತಾನೆ ಅಂತೀರಿ? ಬಸ್ ಡಿಪೋದಲ್ಲಿ ನೂರ ನಲವತ್ತು ಡ್ರೈವರುಗಳು ಯಾವ ಬಸ್ಸನ್ನು ಎಷ್ಟು ಗಂಟೆಗೆ ಹತ್ತಬೇಕು, ಎಷ್ಟು ಗಂಟೆಗೆ ಇಳಿಯಬೇಕು ಎಂದು ಚಾರ್ಟು ಬರೆಯುತ್ತಾನೆ! ಅಲ್ಲಿ ಅವನ ಕೈಯಲ್ಲಿ ಒಂದು ನಿಮಿಷವೂ ಆಚೀಚೆ ಆಗುವುದಿಲ್ಲ. ಡಿಪೋದವರು ಅವನನ್ನು ಕರೆಯುವುದೇ ಚಾರ್ಟಪ್ಪ ಎಂದು. ಎದುರಿಗೆ ಪ್ರೀತಿಯಿಂದ, ಹಿಂದಿನಿಂದ ಹಲ್ಲು ಕಡಿಯುತ್ತಾ.

ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅಲ್ಲಿ ಮುಖ್ಯಸ್ಥರ ಜಾಗ ಖಾಲಿಯಾಗಿತ್ತು. ಎರಡು ತಿಂಗಳ ಮೇಲೆ ಪರೀಕ್ಷೆ, ಪಾಸಾದವರಿಗೆ ಆ ಕುರ್ಚಿ. ಅರ್ಜಿ ತಂದಿಟ್ಟು ವಾರವಾದರೂ ಅವಳು ಅದರಲ್ಲಿ ತನ್ನ ಹೆಸರನ್ನೂ ಬರೆದಿರಲಿಲ್ಲ.

"ಏನೇ, ಅರ್ಜಿ ಹಾಕ್ದ್ಯಾ?" ಎಂದು ಅವನು ಊಟದ ಹೊತ್ತಿಗೆ ಕೇಳಿದ.

"ಇಲ್ಲ, ಹಾಕಲ್ಲ. ಓದೋಕೆ ದಿನಕ್ಕೆ ಎರಡು ಗಂಟೆಯಾದ್ರೂ ಬೇಕು. ಎಲ್ಲಿಂದ ತರ್ಲಿ ಹೇಳಿ? ಓದದೆ ಬರೆದು, ನಾನೇ ಕೆಲಸ ಕಲಿಸಿದ ಹುಡುಗೀರ ಮುಂದೆ ಫೇಲಾಗಿ ನಿಲ್ಲಲಾ?"

ಅವಳು ಸಿಟ್ಟಿನಿಂದ ಹೇಳಿರಲಿಲ್ಲ. ನಾಳೆ ಹಾಲು ಜಾಸ್ತಿ ಬೇಕು ಎನ್ನುವ ಹಾಗೆ ಹೇಳಿದ್ದಳು. ಆ ಕುರ್ಚಿಯ ಮೇಲೆ ಅವಳಿಗೆ ಎಷ್ಟು ವರ್ಷದಿಂದ ಆಸೆ ಎಂಬುದು ಚಾರ್ಟಪ್ಪನಿಗೆ ಗೊತ್ತಿತ್ತು. ಅವನ ಕರುಳು ಚುರುಕ್ ಎಂದಿತು. ಜೊತೆಗೆ ಕಸುಬಿನ ಜಂಬವೂ ಮೈಕೊಡವಿ ಎದ್ದಿತು.

"ಎರಡು ಗಂಟೆ ತಾನೇ? ನೂರ ನಲವತ್ತು ಜನಕ್ಕೆ ಹುಡುಕಿ ಕೊಡೋನು ನಾನು. ನಿನ್ನೊಬ್ಬಳಿಗೆ ಆಗಲ್ವಾ?"

"ಶುರುವಾಯ್ತು ನೋಡವ್ವ," ಎಂದು ಅವನ ತಾಯಿ ಸೊಸೆಯ ಕಡೆ ತಿರುಗಿ ಕಣ್ಣು ಮಿಟುಕಿಸಿದರು.

ಮುಂದಿನ ಎರಡು ದಿನ ರಜೆ ಹಾಕಿ, ಕೈಯಲ್ಲಿ ನೋಟ್‌ಬುಕ್ ಹಿಡಿದು ಹೆಂಡತಿಯ ಹಿಂದೆ ಬಿದ್ದ. ಅವಳು ಬಗ್ಗಿದರೆ ಬರೆದ, ಎದ್ದರೆ ಬರೆದ. ಹಿತ್ತಿಲ ನಲ್ಲಿಗೂ ಒಲೆಗೂ ಹನ್ನೊಂದು ಸಲ ಬರಿಗೈಯಲ್ಲಿ ಓಡಾಡಿದಳೆಂದು ಕಂಡುಹಿಡಿದು, "ಇದನ್ನೇ ನಮ್ಮಲ್ಲಿ ಖಾಲಿ ಓಟ ಅನ್ನೋದು," ಎಂದು ಹಿಗ್ಗಿದ. ಅವಳು ಎರಡು ಸಲ ಅವನ ಕಾಲು ತುಳಿದಳು. ಒಂದು ಸಲ ಬೇಕೆಂದೇ ತುಳಿದದ್ದು.

ಹೇಳುವುದನ್ನು ಹೇಳಬೇಕು, ಚಾರ್ಟಪ್ಪನ ತಲೆ ಚುರುಕು. ಬೆಳಗಿನ ತರಕಾರಿಯನ್ನು ಹಿಂದಿನ ಸಂಜೆಯೇ ಹೆಚ್ಚಿಡುವುದು. ಅದು ಕೂತಲ್ಲೇ ಆಗುವ ಕೆಲಸ, ಅಮ್ಮನಿಗೆ. ಕಾಲುಚೀಲಕ್ಕೆ ಬಾಗಿಲ ಬಳಿಯೇ ಒಂದು ಬುಟ್ಟಿ. ಒಣಗಿದ ಬಟ್ಟೆ ಮಡಚುವುದು ಮಗಳ ಪಾಲಿಗೆ. ಅಂಗಡಿಗೆ ದಿನಾ ಓಡುವ ಬದಲು ವಾರಕ್ಕೊಂದು ಪಟ್ಟಿ. ಹೀಗೆ ಅಲ್ಲಿ ಐದು, ಇಲ್ಲಿ ಹತ್ತು ನಿಮಿಷ ಕಿತ್ತು, ಸಂಜೆ ಆರೂವರೆಯಿಂದ ಎಂಟೂವರೆಯವರೆಗೆ ಅಚ್ಚುಕಟ್ಟಾಗಿ ಎರಡು ಗಂಟೆ ಬಿಡಿಸಿಕೊಟ್ಟ. ಚಾರ್ಟು ಗೋಡೆಗೆ ಏರಿತು. ಅದರಲ್ಲಿ ಯಾರ ಹೆಸರೂ ಇಲ್ಲ, ಡಿಪೋದ ಪದ್ಧತಿಯಂತೆ ಬರೀ ನಂಬರು. ಅವನು ಒಂದು, ಹೆಂಡತಿ ಎರಡು, ಮಗಳು ಮೂರು, ಅಮ್ಮ ನಾಲ್ಕು. ಕೆಲಸಗಳಿಗೂ ಗುಟ್ಟಿನ ಅಕ್ಷರ: ಅಡುಗೆಮನೆಗೆ ಅ.ಮ., ಬಟ್ಟೆ ಒಗೆಯುವುದಕ್ಕೆ ಬ.ಒ.

"ಅಪ್ಪಾ, ಒಂದನೇ ನಂಬರಿನ ಮುಂದೆ ಮೇಲ್ವಿಚಾರಣೆ ಅಂತಿದೆಯಲ್ಲ," ಎಂದು ಕೇಳಿದಳು ಮಗಳು, "ಅದನ್ನ ಕೂತು ಮಾಡೋದಾ, ಮಲಗಿ ಮಾಡೋದಾ?"

"ಹೋಗೇ, ಬಟ್ಟೆ ಮಡಚು ಹೋಗು."

ಎಲ್ಲ ಸರಿಯಿತ್ತು. ಆದರೆ ಕೈಗಂಟಿದ ಚಟ ಬಿಡಬೇಕಲ್ಲ! ಡಿಪೋದಲ್ಲಿ ನಿಂತ ಬಸ್ಸೆಂದರೆ ಪಾಪ. ಚಾರ್ಟಿನಲ್ಲಿ ಖಾಲಿ ಚೌಕ ಕಂಡರೆ ಅಲ್ಲೊಂದು ಟ್ರಿಪ್ ತುರುಕುವುದೇ ಅವನ ಕೆಲಸ. ಗೋಡೆಯ ಮೇಲಿನ ಆ ಎರಡು ಗಂಟೆಯ ಬಿಳಿ ಜಾಗ ಹೋಗುತ್ತಾ ಬರುತ್ತಾ ಅವನ ಕಣ್ಣು ಚುಚ್ಚತೊಡಗಿತು. ಸೋಮವಾರ ತಡೆಯಲಾರದೆ ಅಲ್ಲಿ 'ಕಪಾಟು' ಎಂದು ಬರೆದ. ಮಂಗಳವಾರ 'ಇಸ್ತ್ರಿ'. ಬುಧವಾರ 'ಕಿಟಕಿ ಗಾಜು'. ಭಾನುವಾರಕ್ಕೆ 'ಅಟ್ಟ ಪೂರ್ತಿ' ಎಂದು ಬರೆದಾಗ ಮನಸ್ಸಿಗೆ ತಂಪೆನಿಸಿತು.

ಗುರುವಾರ ಸಂಜೆ ಹೆಂಡತಿ ಚಾರ್ಟಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಳು. "ಎರಡು ಗಂಟೆ ಸಿಕ್ತು ಅಂದ್ರಲ್ಲ, ಎಲ್ಲಿದೆ?"

"ಅಲ್ಲೇ ಇದೆಯಲ್ಲೇ, ಆರೂವರೆಯಿಂದ ಎಂಟೂವರೆ."

"ಅಲ್ಲಿ ಫ್ಯಾನು ಒರೆಸೋದು ಅಂತಿದೆ."

"ಸುಮ್ನೆ ಖಾಲಿ ಯಾಕೆ ಇರ್ಬೇಕು ಅಂತ..."

ಅವಳಿಗೆ ನಗು ಬಂತು. ನಕ್ಕಳು, ಗೋಡೆ ಹಿಡಿದು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಗು ನಿಂತಿತು, ಕಣ್ಣೀರು ನಿಲ್ಲಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಕಪಾಟಿನೊಳಗೆ ತಳ್ಳಿದಳು. ಸೋಮವಾರವಷ್ಟೇ ಅವಳೇ ಚೊಕ್ಕ ಮಾಡಿದ ಕಪಾಟು, ಜಾಗಕ್ಕೇನೂ ಬರವಿರಲಿಲ್ಲ. ಅರ್ಜಿ ಕೊಡಲು ಶನಿವಾರವೇ ಕೊನೆ.

ಚಾರ್ಟಪ್ಪನಿಗೆ ತಾನು ಮಾಡಿದ ತಪ್ಪೇನು ಎಂದು ಹೊಳೆಯಲಿಲ್ಲ. ಎಲ್ಲೋ ಲೆಕ್ಕ ತಪ್ಪಿರಬೇಕು, ಇನ್ನಷ್ಟು ಅಂದವಾಗಿ ಬರೆದರೆ ಸರಿಹೋದೀತು ಎಂದುಕೊಂಡ. ಶುಕ್ರವಾರ ಆ ಹಾಳೆಯನ್ನು ಡಿಪೋಗೇ ಒಯ್ದು ಮೇಜಿನ ಮೇಲಿಟ್ಟು, ಕಾಫಿಗೆ ಹೋದ. ಅವನ ಮೇಜಿನ ಮೇಲೆ ಬರೆದ ಚಾರ್ಟು ಕಂಡರೆ ತೆಗೆದು ನೋಟಿಸ್ ಬೋರ್ಡಿಗೆ ಹಚ್ಚುವುದು ಜವಾನನ ರೂಢಿ. ಪಾಪ, ಅವನು ರೂಢಿ ತಪ್ಪಿಸಲಿಲ್ಲ.

ಕಾಫಿ ಮುಗಿಸಿ ಬರುವಷ್ಟರಲ್ಲಿ ಬೋರ್ಡಿನ ಮುಂದೆ ಇಪ್ಪತ್ತು ಮೂವತ್ತು ಜನ. ನಡುವೆ ಡ್ರೈವರುಗಳ ಮುಖಂಡ ಮೀಸೆ ಮಾಮ, ಹಾಳೆಗೆ ಬೆರಳು ಕುಟ್ಟುತ್ತಾ ಗುಡುಗುತ್ತಿದ್ದ.

"ಬನ್ನಿ ಚಾರ್ಟಪ್ಪನೋರೇ, ಬನ್ನಿ! ಯಾರು ಸ್ವಾಮಿ ಈ ಎರಡನೇ ನಂಬರು? ಬೆಳಗ್ಗೆ ಐದಕ್ಕೆ ಹತ್ತೋನು ರಾತ್ರಿ ಹತ್ತಕ್ಕೆ ಇಳೀತಾನೆ. ಹದಿನೇಳು ಗಂಟೆ! ನಡುವೆ ಎಂಟು ಗಂಟೆ ಹೊರಗಡೆ ಡ್ಯೂಟಿ ಬೇರೆ. ಈ ಅ.ಮ. ಅನ್ನೋ ರೂಟು ಯಾವುದು? ದಿನಕ್ಕೆ ಮೂರು ಟ್ರಿಪ್ಪು!"

"ವಾರದ ರಜೆನೂ ಇಲ್ಲ ಮಾಮ," ಎಂದ ಇನ್ನೊಬ್ಬ. "ಭಾನುವಾರ ಅಟ್ಟ ಪೂರ್ತಿ ಅಂತೆ. ಅದೆಲ್ಲಪ್ಪ ಊರು?"

"ಬೆಟ್ಟದ ಮೇಲಿರ್ಬೇಕು. ಇಷ್ಟು ದಣಿದೋನ ಕೈಗೆ ಬಸ್ ಕೊಟ್ರೆ ಜನರ ಸಮೇತ ಹಳ್ಳಕ್ಕೆ ಇಳಿಸ್ತಾನೆ. ಈ ಒಂದನೇ ನಂಬರು ನೋಡಿ, ಮಹಾರಾಯ! ಸಂಜೆ ಪೂರ್ತಿ ಮೇಲ್ವಿಚಾರಣೆ! ಯಾರ ಕಡೆಯೋನು ಇವನು? ನಮ್ಮ ಮನುಷ್ಯನಿಗೆ ನ್ಯಾಯ ಸಿಗೋವರೆಗೆ ಇವತ್ತು ಒಂದು ಬಸ್ಸೂ ಗೇಟು ದಾಟಲ್ಲ!"

"ದಾಟಲ್ಲ!" ಎಂದು ಎಲ್ಲರೂ ಕೂಗಿದರು.

ಚಾರ್ಟಪ್ಪ ಜನರ ನಡುವೆ ನುಗ್ಗಿ ಹಾಳೆಗೆ ಕೈ ಅಡ್ಡ ಹಿಡಿದ. "ಅದು... ಅದು ಡ್ರೈವರ್ ಅಲ್ಲಪ್ಪ. ನಮ್ಮ ಮನೆ ಚಾರ್ಟು. ಎರಡನೇ ನಂಬರು ನನ್ನ ಹೆಂಡ್ತಿ."

ಗಕ್ಕನೆ ಗಲಾಟೆ ನಿಂತಿತು. ಮೀಸೆ ಮಾಮ ಬೆರಳು ಹಿಂದಕ್ಕೆ ತೆಗೆದ. "ಅಯ್ಯೋ, ಮನೆ ವಿಷಯಾನಾ? ಮೊದಲೇ ಹೇಳ್ಬಾರ್ದಾ ಸಾರ್? ಹಾಗಿದ್ರೆ ಸರಿ ಬಿಡಿ."

"ಸರಿ ಬಿಡಿ, ಸರಿ ಬಿಡಿ," ಎನ್ನುತ್ತಾ ಜನ ಕರಗಿದರು. ಒಬ್ಬ ಕಂಡಕ್ಟರಮ್ಮ ಮಾತ್ರ ಹಾಳೆಯನ್ನು ಕೊನೆಯವರೆಗೂ ಓದಿ, "ನಮ್ಮನೇಲಿ ಯಾರೂ ಬರೆದಿಟ್ಟಿಲ್ಲ, ಅಷ್ಟೇ," ಎಂದು ಚೀಲ ಹೆಗಲಿಗೇರಿಸಿಕೊಂಡು ಹೊರಟಳು.

ಚಾರ್ಟಪ್ಪ ಬೋರ್ಡಿನ ಮುಂದೆ ಒಬ್ಬನೇ ಉಳಿದ. ಬೇರೆ ಯಾವ ಗುಮಾಸ್ತ ಇಂಥ ಚಾರ್ಟು ತಂದಿದ್ದರೂ ಅವನೇ ಹರಿದು ಮುಖಕ್ಕೆ ಎಸೆಯುತ್ತಿದ್ದ. ಎರಡು ಡ್ಯೂಟಿಗಳ ನಡುವೆ ಇಷ್ಟು ವಿಶ್ರಾಂತಿ ಇರಲೇಬೇಕು ಎಂಬ ನಿಯಮ ಅವನಿಗೆ ನಿದ್ದೆಯಲ್ಲೂ ಬಾಯಿಪಾಠ. ಹದಿನಾರು ವರ್ಷದಿಂದ ಅವಳು ಹೀಗೇ ಓಡಿದ್ದಾಳೆ, ಒಂದು ದಿನವೂ ಗಾಡಿ ನಿಲ್ಲಿಸಿಲ್ಲ. ಅವನಿಗೆ ನಾಚಿಕೆಯಾಯಿತು. ತುಂಬಾ ನಾಚಿಕೆಯಾಯಿತು.

ಸಂಜೆ ಮನೆಗೆ ಬಂದವನು ಕಪಾಟಿನಿಂದ ಅರ್ಜಿ ತೆಗೆದು, ಮಡಿಕೆ ಬಿಡಿಸಿ, ಪೆನ್ನಿನ ಸಮೇತ ಅವಳ ಮುಂದಿಟ್ಟ.

"ಡಿಪೋದಲ್ಲಿ ಇವತ್ತು ನಿನಗೋಸ್ಕರ ಬಸ್ ನಿಲ್ಲಿಸೋರಿದ್ರು ಕಣೇ."

"ನನಗೋಸ್ಕರಾನಾ? ಯಾರು?"

"ಎಲ್ರೂ. ನೀನು ನನ್ನ ಹೆಂಡ್ತಿ ಅಂತ ಗೊತ್ತಾಗೋವರೆಗೆ."

ನಡೆದದ್ದನ್ನೆಲ್ಲ ಹೇಳಿದ, ಒಂದಿಷ್ಟೂ ಮುಚ್ಚಿಡದೆ. ಅಜ್ಜಿ ಕೇಳಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅವನು ಹೊಸ ಹಾಳೆ ತೆಗೆದ. ಒಂದನೇ ನಂಬರಿನ ಮುಂದೆ ಆರೂವರೆಯಿಂದ ಎಂಟೂವರೆಗೆ 'ಅ.ಮ.' ಎಂದು ಬರೆದ. ಎರಡನೇ ನಂಬರಿನ ಮುಂದೆ ಏನೂ ಬರೆಯಲಿಲ್ಲ. ಪೆನ್ನು ಎರಡು ಸಲ ಆ ಕಡೆ ಹೋಯಿತು. ಮಗಳು ಬಂದು ಕೈಯಿಂದ ಕಿತ್ತುಕೊಂಡಳು.

ಶನಿವಾರ ಅರ್ಜಿ ಹೋಯಿತು. ಸೋಮವಾರ ಆರೂವರೆಗೆ ಹೆಂಡತಿ ಪುಸ್ತಕ ಹಿಡಿದು ಕೋಣೆ ಸೇರಿದಳು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಿಗೆ ಒಮ್ಮೆ ಎದ್ದು ಬಂದಳು, ಸೀದ ವಾಸನೆಗೆ ಇನ್ನೊಮ್ಮೆ. ಎರಡು ಸಲವೂ ಅವನು ಸೌಟು ಅಡ್ಡ ಹಿಡಿದು ಬಾಗಿಲಲ್ಲೇ ತಡೆದ. "ಮನೆ ಸುಟ್ಟರೆ ಕರೀತೀನಿ, ಹೋಗು."

ಏಳೂವರೆಯ ಹೊತ್ತಿಗೆ ಮಗಳು ಇಣುಕಿ ನೋಡಿ ಬಂದಳು. "ಅಪ್ಪಾ, ಅಮ್ಮ ಪುಸ್ತಕದ ಮೇಲೇ ನಿದ್ದೆ ಹೋಗಿದ್ದಾಳೆ."

"ಎಬ್ಬಿಸೋ," ಎಂದರು ಅಜ್ಜಿ ಮಗನಿಗೆ. "ಇಷ್ಟೆಲ್ಲ ಮಾಡಿದ್ದು ಅವಳು ಓದಲಿ ಅಂತ ತಾನೇ?"

ಚಾರ್ಟಪ್ಪ ಸೌಟು ಹಿಡಿದೇ ಕೋಣೆಯ ಬಾಗಿಲಿಗೆ ಹೋದ. ಕೆನ್ನೆ ಪುಟದ ಮೇಲೆ, ಬಾಯಿ ಒಂಚೂರು ತೆರೆದಿದೆ, ಕನ್ನಡಕ ಓರೆಯಾಗಿದೆ. ಇಷ್ಟು ಹೊತ್ತಿನಲ್ಲಿ ಅವಳು ಮಲಗಿದ್ದನ್ನು ಅವನು ನೋಡಿಯೇ ಇರಲಿಲ್ಲ. ಕನ್ನಡಕವನ್ನು ಮೆಲ್ಲಗೆ ತೆಗೆದಿಟ್ಟು, ದೀಪ ಆರಿಸಿ, ಬಾಗಿಲು ಎಳೆದುಕೊಂಡ.

"ಅವಳ ಗಂಟೆ ಕಣಮ್ಮ. ಅವಳಿಗೆ ಬೇಕಾದ ಹಾಗೆ ಮಾಡ್ಕೊಳ್ಳಲಿ."

ಎಂಟೂವರೆಗೆ ಅವಳು ಗಾಬರಿಯಿಂದ ಹೊರಗೆ ಬಂದಳು. ಕೆನ್ನೆಯ ಮೇಲೆ ಪುಸ್ತಕದ ಅಂಚಿನ ಗೆರೆ ಮೂಡಿತ್ತು. "ಯಾಕ್ರೀ ಎಬ್ಬಿಸಲಿಲ್ಲ? ಎರಡು ಗಂಟೆ ಹಾಳಾಯ್ತು!"

"ಹಾಳಾಗಿಲ್ಲ, ಕೂತ್ಕೋ," ಎಂದು ಅವನು ತಟ್ಟೆ ಹಾಕಿದ. "ನಾಳೆ ಆರೂವರೆಗೆ ಇನ್ನೆರಡಿದೆ, ನಾಡಿದ್ದೂ ಇದೆ. ಅನ್ನ ತಳ ಹಿಡಿದಿದೆ. ಮೇಲಿಂದ ಬಡಿಸ್ತೀನಿ, ಸುಮ್ನೆ ಊಟ ಮಾಡು."