ಕುಮುದಳ ಬಲಗೈ

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಗಾದೆಯನ್ನು ಚಿಕ್ಕಬಾಣಾವರದಲ್ಲಿ ಯಾರೂ ಸತ್ಯವತಿಯ ಎದುರಿಗೆ ಹೇಳುತ್ತಿರಲಿಲ್ಲ, ಬೆನ್ನ ಹಿಂದೆ ಹೇಳಿಕೊಳ್ಳುತ್ತಿದ್ದರು. ಹೇಳಿಕೊಳ್ಳಲಿ. ಹೆರಿಗೆಯಲ್ಲೇ ಪೆಟ್ಟು ತಿಂದ ಮಗಳು ಕುಮುದಳಿಗೆ ಈಗ ಹನ್ನೊಂದು ವರ್ಷ. ಮಾತಿಲ್ಲ, ನಡಿಗೆಯಿಲ್ಲ, ಬೆರಳುಗಳು ಸದಾ ಸೆಟೆದುಕೊಂಡೇ ಇರುತ್ತವೆ. ರಾತ್ರಿ ಮೂರು ಸಲ ಎದ್ದು ಅವಳ ಮಗ್ಗುಲು ಬದಲಿಸಬೇಕು, ಹಗಲು ಮೂರು ಹೊತ್ತು ಅನ್ನ ಹಿಸುಕಿ ಬಾಯಿಗಿಡಬೇಕು. ಹನ್ನೊಂದು ವರ್ಷದಿಂದ ಸತ್ಯವತಿ ಒಂದು ರಾತ್ರಿಯೂ ಪೂರ್ತಿ ನಿದ್ದೆ ಮಾಡಿರಲಿಲ್ಲ. ಯಾರಾದರೂ ಅಯ್ಯೋ ಪಾಪ ಅಂದರೆ ಸಿಡುಕುತ್ತಿದ್ದಳು, ಯಾಕೆಂದರೆ ಅವಳಿಗಿದ್ದ ಹೆಮ್ಮೆ ಆ ಆರೈಕೆಯೊಂದೇ.

ಗಂಡ ಪಟ್ಟಾಭಿರಾಮ ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್. ಪ್ರವಾಸಕ್ಕೆಂದು ಕಾರ್ಖಾನೆ ಕೊಡುವ ಎಲ್‌ಟಿಸಿಯನ್ನು ಒಮ್ಮೆಯೂ ಬಳಸಿದವನಲ್ಲ. ಎಂಬತ್ತೆರಡರ ಡಿಸೆಂಬರಿನಲ್ಲಿ ಮಾತ್ರ ರಾಮೇಶ್ವರಕ್ಕೆ ಹೋಗಲೇಬೇಕೆಂದು ಹಠ ಹಿಡಿದ. ಮಗುವನ್ನು ಯಾರ ಮಡಿಲಿಗೆ ಹಾಕಿ ಹೋಗೋದು ಎಂದು ಹೆಂಡತಿ ರೇಗಿದಾಗ, ಪಕ್ಕದ ಮನೆಯಲ್ಲೇ ಇದ್ದ ಮನೆ ಒಡತಿ ಅಂಜಿನಮ್ಮ ತಾನಿಲ್ಲವೇ ಅಂದಳು. ಹೊಲ, ಹಸು, ಬಾಡಿಗೆಯವರು, ಎಲ್ಲವನ್ನೂ ಒಬ್ಬಳೇ ಸಂಭಾಳಿಸುವ ಹೆಂಗಸಿಗೆ ಒಂದು ಕೂಸು ಹೆಚ್ಚೇ?

ಸತ್ಯವತಿ ಮೂರು ಮೂರು ಸಲ ಹೇಳಿ ಹೊರಟಳು. ಅನ್ನ ನುಣ್ಣಗೆ ಹಿಸುಕಿ ನೀವೇ ತಿನ್ನಿಸಬೇಕು, ಮುದ್ದೆ ಮಾತ್ರ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಗಂಟಲ ಭಯ ಅರ್ಧ ನಿಜ. ಉಳಿದರ್ಧ, ಮುದ್ದೆ ಒಕ್ಕಲುಮಕ್ಕಳ ಊಟ ಅನ್ನುವ ಬಿಂಕ.

ರಾಮೇಶ್ವರದ ಛತ್ರದಲ್ಲಿ ಸಂಜೆ ಚಾಪೆಯ ಮೇಲೆ ಒರಗಿದವಳು ಎದ್ದದ್ದು ಮರುದಿನ ಮಧ್ಯಾಹ್ನ. ದೇವರ ದರ್ಶನಕ್ಕಿಂತ ಅವಳಿಗೆ ಆ ನಿದ್ದೆಯೇ ದೊಡ್ಡದಾಯಿತು. ವರ್ಷಕ್ಕೊಮ್ಮೆ ಹೀಗೆ ಹೋಗಿಬರಬಹುದು ಅಲ್ವಾ ಎಂದು ವಾಪಸು ಬರುವಾಗ ರೈಲಿನಲ್ಲಿ ತಾನಾಗಿಯೇ ಕೇಳಿದಳು. ಪಟ್ಟಾಭಿರಾಮ ತನ್ನ ಕಿವಿಯನ್ನೇ ನಂಬಲಿಲ್ಲ.

ಮನೆ ಮುಟ್ಟಿದಾಗ ಊಟದ ಹೊತ್ತು. ಅಂಜಿನಮ್ಮನ ಜಗಲಿಯಲ್ಲಿ ಕುಮುದ ಗೋಡೆಗೊರಗಿ ಕೂತಿದ್ದಳು, ಮುಂದೆ ತಟ್ಟೆಯಲ್ಲಿ ಮುದ್ದೆ, ಅವರೆಕಾಳಿನ ಸಾರು. ಸೆಟೆದ ಬಲಗೈ ಮುದ್ದೆಗೆ ಇಳಿದು ಒಂದು ತುಣುಕು ಮುರಿಯಿತು, ಸಾರಿನಲ್ಲಿ ಹೊರಳಿತು, ಅತ್ತಿತ್ತ ತೂರಾಡಿ ಬಾಯಿಗೆ ತಲುಪಿತು. ಅರ್ಧ ಗಲ್ಲಕ್ಕೆ ಮೆತ್ತಿತು, ಅರ್ಧ ಒಳಗೆ ಹೋಯಿತು. ನುಂಗಿ, ಅಮ್ಮನನ್ನು ನೋಡಿ ನಕ್ಕಳು. ಅನ್ನದ ಅಗುಳು ಆ ಬೆರಳಿಗೆ ಎಂದೂ ಸಿಕ್ಕಿರಲಿಲ್ಲ. ಮುದ್ದೆ ಸಿಕ್ಕಿತ್ತು.

"ನಾನಾಗಿ ಕೊಡ್ಲಿಲ್ಲ ಕಣ್ರವ್ವಾ," ಅಂಜಿನಮ್ಮ ಹಿಂಜರಿಯುತ್ತ ಅಂದಳು. "ನಾನು ಉಂಬೋವಾಗ ನನ್ನ ತಟ್ಟೇಗೇ ಕೈ ಆಕ್ದ್ಲು. ಎಲ್ಡು ದಿನ ಬರೀ ಚೆಲ್ಲಾಡಿದ್ಲು, ಆಮ್ಯಾಕೆ ಇಂಗೆ."

ಪಟ್ಟಾಭಿರಾಮ ಅಲ್ಲೇ ಕುಕ್ಕರಿಸಿ, ಸಾರು ಮೆತ್ತಿದ ಆ ಕೈಯನ್ನು ಕಣ್ಣಿಗೊತ್ತಿಕೊಂಡು ಅತ್ತ. ಭಾನುವಾರ ಭಾನುವಾರ ಇಲ್ಲೇ ಬಿಟ್ಟು ನೀವು ನಿದ್ದೆ ಮಾಡಿ ಎಂದು ಅಂಜಿನಮ್ಮ ಹೇಳುತ್ತಲೇ ಇದ್ದಳು. ಸತ್ಯವತಿಗೆ ಅದೊಂದೂ ಕೇಳಿಸಲಿಲ್ಲ. ಒಂದು ವಾರದಲ್ಲಿ ಕಲಿತಳೆಂದರೆ ಹನ್ನೊಂದು ವರ್ಷ ಕಲಿಯದಂತೆ ತಡೆದವರು ಯಾರು? ಆ ಪ್ರಶ್ನೆ ಎದೆಗೆ ಚುಚ್ಚಿತು, ಚುಚ್ಚಿದ ಕೂಡಲೇ ಸಿಟ್ಟಾಯಿತು. ಮಗಳ ಕೈಬಾಯಿ ಒರಸಿ, ಎತ್ತಿಕೊಂಡು ತನ್ನ ಮನೆಯೊಳಗೆ ನಡೆದಳು.

"ಮುದ್ದೆ ತೊಳಸೋದು ಅವರ ಹತ್ರ ಕಲ್ತ್ಕೋ, ನಮ್ಮನೇಲೂ ಮಾಡೋಣ ಕಣೆ," ಎಂದು ಹಿಂದೆಯೇ ಬಂದ ಗಂಡ ಅಂದ.

"ನಮ್ಮನೇಲಿ ಮುದ್ದೆ ಮಾಡಲ್ಲ. ಅವಳಿಗೆ ತಿನ್ಸೋಕೆ ನಾನಿದ್ದೀನಿ."

ಪಟ್ಟಾಭಿರಾಮ ಪೆಟ್ಟಿಗೆ ಬಿಚ್ಚಲು ಕೂತ. ಹೆಂಡತಿಯ ಮಾತಿಗೆ ಮಣಿಯುವುದರಲ್ಲಿ ಅವನು ಪಳಗಿದವನು. ಬೆಳಗಾದರೆ ಅವನಿಗೆ ಕಾರ್ಖಾನೆಯ ಬಸ್ಸೂ ಇತ್ತು.

ಅಂಜಿನಮ್ಮ ಎರಡು ಭಾನುವಾರ ಬಂದು ಕರೆದಳು. ಮಗುವಿಗೆ ನೆಗಡಿ ಎಂದು ಸತ್ಯವತಿ ಬಾಗಿಲಲ್ಲೇ ಕಳಿಸಿಬಿಟ್ಟಳು. ಮೂರನೆಯ ಭಾನುವಾರ ಆಕೆ ಬರಲಿಲ್ಲ.

ಊಟದ ಹೊತ್ತಿಗೆ ಕುಮುದಳ ಬಲಗೈ ತಟ್ಟೆಯತ್ತ ಬರುತ್ತಿತ್ತು. ಸತ್ಯವತಿ ಅದನ್ನು ಎಡಗೈಯಲ್ಲಿ ಹಿಡಿದು ಮಡಿಲಿಗೆ ಒತ್ತಿ, ಬಲಗೈಯಲ್ಲಿ ತುತ್ತಿಡುತ್ತಿದ್ದಳು. ಮತ್ತೆ ಬರುತ್ತಿತ್ತು, ಮತ್ತೆ ಒತ್ತುತ್ತಿದ್ದಳು. ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಆ ಕೈ ಏಳಲಿಲ್ಲ. ಸತ್ಯವತಿ ತನ್ನ ಹಿಡಿತ ಸಡಿಲಿಸಿ ಕಾದು ನೋಡಿದಳು. ಆಗಲೂ ಏಳಲಿಲ್ಲ. ಕುಮುದ ಸುಮ್ಮನೆ ಬಾಯಿ ತೆರೆದಳು.

ಗೆದ್ದೆ ಅನ್ನಿಸಿತು. ಮರುಕ್ಷಣವೇ ಅಳು ಉಕ್ಕಿತು. ಅಳುತ್ತಲೇ ಮುಂದಿನ ತುತ್ತು ಕಲಸಿದಳು.