ಗೊಂಬೆಯ ಮುಂದೆ ಮೇಲ್ಮನವಿ

ಆಸ್ಪತ್ರೆಯ ಶವಾಗಾರದಲ್ಲಿ ಹೆಣಗಳನ್ನು ತೊಳೆದು, ಬಟ್ಟೆ ತೊಡಿಸಿ, ಮನೆಯವರು ನೋಡುವ ಹಾಗೆ ಮಾಡುವುದು ನನ್ನ ಅತ್ತಿಗೆಯ ಕೆಲಸ. ಅದನ್ನು ಇನ್ನೂ ಕೆಲವು ಹೆಂಗಸರಿಗೆ ಕಲಿಸುತ್ತಿದ್ದರು. ಇನ್ನು ಮುಂದೆ ಸರ್ಟಿಫಿಕೇಟ್ ಇಲ್ಲದವರು ಹೆಣ ಮುಟ್ಟುವಂತಿಲ್ಲ ಎಂದು ಆಸ್ಪತ್ರೆಯವರು ಹೇಳಿದಾಗ ಅಂಥ ಸರ್ಟಿಫಿಕೇಟೇ ಎಲ್ಲೂ ಹುಟ್ಟಿರಲಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ! ಕೊನೆಗೆ ಅತ್ತಿಗೆಯೇ ಪಾಠಗಳನ್ನು ಬರೆದು, ಹೊಸ ಕಸುಬಿನ ಕೋರ್ಸುಗಳಿಗೆ ಒಪ್ಪಿಗೆ ಕೊಡುವ ಮಂಡಳಿಗೆ ಸಲ್ಲಿಸಿದರು. ಆ ಮಂಡಳಿಯ ತೀರ್ಮಾನಗಳನ್ನು ಟೈಪ್ ಮಾಡುವುದು ನನ್ನ ಹೊಟ್ಟೆಪಾಡು.

ಮೊದಲ ಪಾಠ ಕೈಬಿಟ್ಟರೆ ಒಪ್ಪಿಗೆ ಎಂದು ತೀರ್ಮಾನ ಬಂತು. ಮೊದಲ ಪಾಠವೆಂದರೆ ಇಷ್ಟೇ: ಮುಟ್ಟುವ ಮೊದಲು ಸತ್ತವರಿಗೆ ಹೇಳಬೇಕು. ‘ಅಮ್ಮಾ, ಈಗ ಎಡಗೈ ಎತ್ತುತ್ತೀನಿ. ನೀರು ಸ್ವಲ್ಪ ತಣ್ಣಗಿದೆ.’ ಪ್ರತಿ ಸಲವೂ, ಯಾರೇ ಆಗಿರಲಿ.

ನಮ್ಮ ಅಧ್ಯಕ್ಷರಿಗೆ ಕಚೇರಿಯಲ್ಲಿ ಅಳತೆಪಟ್ಟಿ ಎಂದೇ ಹೆಸರು. “ಇದಕ್ಕೆ ಅಂಕ ಕೊಡೋದು ಹೇಗೆ?” ಎಂದು ಅವರು ಕೇಳಿದ್ದರು. ಹೆಂಡತಿ ಬಡಿಸಿದ ಸಾರಿಗೂ ಅವರು ಹಾಗೇ ಕೇಳುತ್ತಾರಂತೆ.

“ಅದೊಂದು ಬಿಟ್ಬಿಡಿ ಅತ್ತಿಗೆ. ಎಲ್ರ ಕೆಲ್ಸನೂ ಉಳಿಯುತ್ತೆ” ಎಂದೆ.

“ಕೆಲ್ಸ ಉಳಿಯುತ್ತೆ ಕಣೇ. ಅದಿಲ್ಲದಿದ್ರೆ ಪಾತ್ರೆ ತೊಳೆಯೋದಕ್ಕೂ ಇದಕ್ಕೂ ಏನು ವ್ಯತ್ಯಾಸ?”

ಪಕ್ಕದ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ ಅಣ್ಣ ಕೆಮ್ಮುತ್ತಲೇ ನಕ್ಕ. “ನನ್ನ ಹತ್ರ ಮಾತಾಡೋಕೆ ಇವಳಿಗೆ ಯಾವತ್ತೂ ಪುರುಸೊತ್ತಿಲ್ಲ. ಸತ್ತ ಮೇಲಾದ್ರೂ ನನ್ನ ಸರದಿ ಬರುತ್ತೆ, ಬಿಡೇ.”

“ಬಿಡ್ತು ಅನ್ನಿ!” ಎಂದು ಅತ್ತಿಗೆ ಗದರಿದರು. ಮರುದಿನವೇ ಮೇಲ್ಮನವಿ ಹಾಕಿದರು.

ವಿಚಾರಣೆಯ ದಿನ ಉದ್ದನೆಯ ಮೇಜಿನ ಮೇಲೆ ರಬ್ಬರಿನ ಗೊಂಬೆಯೊಂದನ್ನು ಮಲಗಿಸಿದ್ದರು. ಸಂಬಂಧಿಯೆಂದು ನನ್ನನ್ನು ಹಿಂದಿನ ಬೆಂಚಿಗೆ ತಳ್ಳಿ, ತುಟಿ ಪಿಟಕ್ ಎನ್ನಬಾರದು ಎಂದಿದ್ದರು.

“ಮಾಡಿ ತೋರಿಸಿ” ಎಂದರು ಅಳತೆಪಟ್ಟಿ.

ಅತ್ತಿಗೆ ರವಿಕೆಯ ತೋಳು ಮಡಚಿ ಗೊಂಬೆಯನ್ನು ತೊಳೆದರು, ಬೆರಳ ಸಂದುಗಳನ್ನು ಒರೆಸಿದರು, ಮಗ್ಗುಲಾಗಿಸಿ ಅಂಗಿ ತೊಡಿಸಿದರು. ಒಂದೇ ಒಂದು ಮಾತಿಲ್ಲ. ಮಾತಾಡಿ ಅತ್ತಿಗೆ, ಮಾತಾಡಿ ಎಂದು ನಾನು ಒಳಗೊಳಗೇ ಒದ್ದಾಡಿದೆ.

“ನೀವೇ ಹೇಳ್ಲಿಲ್ವಲ್ಲಮ್ಮ?” ಅಳತೆಪಟ್ಟಿ ಮೆತ್ತಗೇ ಕೇಳಿದರು.

ಅತ್ತಿಗೆ ತಬ್ಬಿಬ್ಬಾದರು. “ಇದು ಗೊಂಬೆ ಅಲ್ವಾ ಸಾರ್? ಗೊಂಬೆಗೆ ಏನಂತ ಹೇಳ್ಲಿ?”

ಸುಮ್ಮನೆ ಒಂದು ಮಾತು ಆಡಿದ್ದರೆ ಗೆಲ್ಲುತ್ತಿದ್ದರು. ನಾಟಕ ಅವರಿಗೆ ಬರಲಿಲ್ಲ. ನನಗೆ ಸಿಟ್ಟು ಬಂತು. ಅವರ ಮೇಲೋ ಅಳತೆಪಟ್ಟಿಯ ಮೇಲೋ ಈಗಲೂ ಗೊತ್ತಿಲ್ಲ. ಮೇಲ್ಮನವಿದಾರರೇ ಮೊದಲ ಪಾಠವನ್ನು ಪಾಲಿಸದ ಕಾರಣ ಮೇಲ್ಮನವಿ ವಜಾ ಎಂದು ನಾನೇ ಟೈಪ್ ಮಾಡಿದೆ. ಟೈಪ್ ಮಾಡುವುದಕ್ಕೆ ಮಾತ್ರ ಸಂಬಂಧ ಅಡ್ಡ ಬರಲಿಲ್ಲ.

ಪಾಠ ಹೋಯಿತು, ಕೋರ್ಸು ಉಳಿಯಿತು. ಕೆಲಸದ ನಡುವೆ ಮಾತಾಡಿದರೆ ಅಂಕ ಕಡಿತ ಎಂಬ ನಿಯಮವೂ ಸೇರಿತು.

ಪರೀಕ್ಷೆಗಳು ನಡೆಯುತ್ತಿದ್ದಾಗಲೇ ಅಣ್ಣ ಅದೇ ಆಸ್ಪತ್ರೆಯಲ್ಲಿ ತೀರಿಕೊಂಡ. ಆಸ್ಪತ್ರೆಯ ನಿಯಮದಂತೆ ತಮ್ಮವರ ಹೆಣವನ್ನು ತಾವೇ ಮುಟ್ಟುವಂತಿರಲಿಲ್ಲ. ಅಂದು ಪರೀಕ್ಷೆಗೆ ಅತ್ತಿಗೆಯ ಶಿಷ್ಯೆ ಗುಬ್ಬಿಯ ಸರದಿ. ವಟವಟ ನಿಲ್ಲಿಸದವಳೆಂದು ಅವಳಿಗೆ ಆ ಹೆಸರು. ಅವಳೇ ಮಾಡಲಿ ಎಂದು ಅತ್ತಿಗೆ ಒಪ್ಪಿದರು. ಶವಾಗಾರದ ಗಾಜಿನ ಕಿಟಕಿಯ ಆಚೆ ಗುಬ್ಬಿ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದಳು. ಅವಳ ಬೆನ್ನ ಹಿಂದೆ ಪರೀಕ್ಷಕ.

ಅತ್ತಿಗೆ ಹಣೆಯನ್ನು ಗಾಜಿಗೆ ಒತ್ತಿದರು.

“ರೀ, ಈಗ ಎಡಗೈ ಎತ್ತುತ್ತಾಳೆ. ನೀರು ಸ್ವಲ್ಪ ತಣ್ಣಗಿದೆ.”

ದಪ್ಪ ಗಾಜು, ಒಳಗೆ ಏನೂ ಕೇಳಿಸುವಂತಿರಲಿಲ್ಲ. ಆದರೆ ಗುಬ್ಬಿ ತಲೆಯೆತ್ತಿ ಅತ್ತಿಗೆಯ ತುಟಿಗಳನ್ನೇ ನೋಡಿದಳು. ಅವು ನಿಂತ ಮೇಲೆಯೇ ಅಣ್ಣನ ಎಡಗೈ ಎತ್ತಿದಳು. ಆಮೇಲೆ ಬಲಗೈ, ಬೆನ್ನು, ಪಾದ. ಪ್ರತಿ ಸಲವೂ ಕಾದಳು. ನಾನು ಗೋಡೆಗೆ ಮುಖ ಮಾಡಿ ಅತ್ತೆ.

ವಾರ ಕಳೆದು ಗುಬ್ಬಿಯ ಫಲಿತಾಂಶ ನನ್ನ ಮೇಜಿಗೆ ಬಂತು. ಮಾತಿಗೆ ಅಂಕ ಕಡಿತವಾಗಿರಲಿಲ್ಲ. ಕೆಲಸ ತೀರಾ ನಿಧಾನ, ಅನುತ್ತೀರ್ಣ ಎಂದಿತ್ತು. ಅದನ್ನೂ ನಾನೇ ಟೈಪ್ ಮಾಡಿದೆ.