ಕುತ್ತಿಗೆಯ ಅಳತೆ

ಬಾಗಿಲಲ್ಲಿ ರೆಬೆಕ್ಕಾಳನ್ನು ಕಂಡದ್ದೇ ಶಶಿಪ್ರಭಾಳ ಕಣ್ಣು ಗೋಡೆಯತ್ತ ಹೋಯಿತು. ಫ್ರೇಮು ಅಲ್ಲೇ ಇತ್ತು. ಇಳಿಸಲು ಪುರುಸೊತ್ತು ಸಿಗಲಿಲ್ಲ.

ಎರಡು ವರ್ಷದ ಹಿಂದೆ, ೧೯೭೬ರಲ್ಲಿ, ಮೂಡುಬಿದಿರೆಯಲ್ಲಿ ಶಶಿಪ್ರಭಾಳ ಪಕ್ಕದ ಬಾಡಿಗೆ ಮನೆ ಬಿಟ್ಟು ಬೆಳ್ತಂಗಡಿಗೆ ಹೋಗುವಾಗ ಕೊಚ್ಚಿಯ ಈ ಯೆಹೂದಿ ನರ್ಸು ಒಂದು ಸುರುಳಿ ಕೊಟ್ಟಿದ್ದಳು. ಅವಳ ತಾಯಿಯ ಮದುವೆಯ ಪತ್ರ. ಹೆಂಡತಿಗೆ ಏನು ಕೊಡಬೇಕು, ಹೇಗೆ ನೋಡಿಕೊಳ್ಳಬೇಕು ಎಂದು ಗಂಡನಿಂದ ಬರೆಸಿ, ಸಾಕ್ಷಿ ಹಾಕಿಸಿ, ಹೆಣ್ಣಿನ ಕೈಗೇ ಕೊಡುವುದು ಅವರ ಪದ್ಧತಿ. ನಡುವೆ ಕಪ್ಪು ಹೀಬ್ರೂ ಅಕ್ಷರ, ಸುತ್ತ ಬಣ್ಣದ ಅಂಚು. ದಾಳಿಂಬೆ ಮಕ್ಕಳಾಗಲಿಕ್ಕೆ, ಜೋಡಿ ಮೀನು ದೃಷ್ಟಿ ತಾಗದಿರಲಿಕ್ಕೆ, ಕಿರೀಟ ಅದೊಂದು ದಿನ ಮದುಮಕ್ಕಳಿಬ್ಬರೂ ರಾಜ ರಾಣಿ ಎಂಬುದಕ್ಕೆ ಎಂದು ರೆಬೆಕ್ಕಾ ಬೆರಳಿಟ್ಟು ತೋರಿಸಿದ್ದಳು.

"ಬೆಳ್ತಂಗಡಿಯ ಮನೆಯಲ್ಲಿ ಗೆದ್ದಲು ಉಂಟಂತೆ. ಇದು ನಿಮ್ಮಲ್ಲಿ ಇರಲಿ, ಶಶಿಯಕ್ಕ."

ಇರಲಿ ಎಂದರೆ ಕಾಪಾಡಿ ಎಂದೂ ಆಗುತ್ತದೆ, ನೀವೇ ಇಟ್ಟುಕೊಳ್ಳಿ ಎಂದೂ ಆಗುತ್ತದೆ. ವರ್ಷವಾದರೂ ಸುದ್ದಿಯಿಲ್ಲ. ಶಶಿಪ್ರಭಾ ತನಗೆ ಬೇಕಾದ ಅರ್ಥ ಹಿಡಿದುಕೊಂಡಳು. ಓದಲು ಬಾರದ ನಡುಭಾಗವನ್ನು ಕತ್ತರಿಸಿ ತೆಗೆದು, ಅಂಚಿನೊಳಗೆ ತನ್ನ ಮದುವೆಯ ಫೋಟೋ ಕೂರಿಸಿದಳು. ಬ್ಲೌಸ್ ಹೊಲಿಸಲು ಬಂದ ಹೆಂಗಸರೆಲ್ಲ ಹೊಗಳಿದರು.

ರೆಬೆಕ್ಕಾ ಕುರ್ಚಿಯಲ್ಲಿ ಕೂತಳು. ಅಮ್ಮನೊಂದಿಗೆ ಇಸ್ರೇಲಿಗೆ ಹೋಗುವುದಿದೆ, ಪತ್ರ ಕೈಗೆ ಬಾರದೆ ಅಮ್ಮ ಹೊರಡುವುದಿಲ್ಲ ಎಂದು ಹೇಳಿ ನಕ್ಕಳು. "ಅಪ್ಪ ತೀರಿ ಹತ್ತು ವರ್ಷ ಆಯ್ತು. ಇನ್ನೂ ಅವರ ಮೇಲೆ ಕೇಸು ಹಾಕ್ಲಿಕ್ಕೆ ಉಂಟೋ ಏನೋ."

ತಲೆಯೆತ್ತಿ ಗೋಡೆಯ ಫ್ರೇಮು ನೋಡಿದಳು. ನಗು ನಿಂತಿತು.

"ಮಧ್ಯದ್ದು ಎಲ್ಲಿ?"

ಗೆದ್ದಲು ತಿಂದಿತು ಎಂಬ ಮಾತು ಶಶಿಪ್ರಭಾಳ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ರೆಬೆಕ್ಕಾ ನಂಬುತ್ತಿದ್ದಳು. ನಂಬಿ, ಶಶಿಪ್ರಭಾಳಿಗೇ ಸಮಾಧಾನ ಹೇಳುತ್ತಿದ್ದಳು. ಅದನ್ನು ನೆನೆದೇ ಶಶಿಪ್ರಭಾ ಎದ್ದು ಹೋಗಿ, ಹೊಲಿಗೆ ಮೆಶಿನ್ನಿನ ಪಕ್ಕದ ಅಳತೆ ಕಾಗದಗಳ ಕಟ್ಟು ಬಿಚ್ಚಿ ಆ ನಡುಭಾಗವನ್ನು ತೆಗೆದುಕೊಟ್ಟಳು. ಗಟ್ಟಿ ಕಾಗದ, ಬಾಳಿಕೆ ಬರುತ್ತದೆಂದು ಬ್ಲೌಸಿನ ಬೆನ್ನಿನ ಅಳತೆಗೆ ಕತ್ತರಿಸಿಟ್ಟಿದ್ದಳು. ಅಕ್ಷರಗಳ ಮೇಲೆ ಅವಳದೇ ನೀಲಿ ಪೆನ್ಸಿಲಿನ ಗೆರೆ. ಮೇಲ್ಗಡೆ ಕುತ್ತಿಗೆಗೆಂದು ಗುಂಡಗೆ ಕತ್ತರಿಸಿದ ಜಾಗ.

ರೆಬೆಕ್ಕಾ ಅದನ್ನು ಮಡಿಲಲ್ಲಿ ಹರಡಿ, ಬಲದಿಂದ ಎಡಕ್ಕೆ ಬೆರಳು ಓಡಿಸಿದಳು. ಕತ್ತರಿಯ ಅಂಚಿಗೆ ಬಂದು ಬೆರಳು ನಿಂತಿತು.

"ಅಪ್ಪನ ಹೆಸರು ಉಂಟು," ಎಂದಳು. "ಅಮ್ಮನದ್ದು ಇಲ್ಲಿ ಇತ್ತು."

ಶಶಿಪ್ರಭಾಳ ಕೈ ತಾನಾಗಿ ಹಿಂದಕ್ಕೆ ಹೋಗಿ ಸೆರಗನ್ನು ಬೆನ್ನು ಮುಚ್ಚುವಂತೆ ಎಳೆದುಕೊಂಡಿತು. ಅವಳು ತೊಟ್ಟಿದ್ದು ಆ ಕಾಗದವಿಟ್ಟೇ ಕತ್ತರಿಸಿದ ಬ್ಲೌಸು.